ಜೆರೆ ಬೇಡವೆಂದ ವ್ಯಾಕ್ಯೂಮ್

ಸೊಸೆ ಪ್ರಿಸ್ಕಾ ಫೋನಿನಲ್ಲಿ ಹೇಳಿದ ಮಾತನ್ನು ಬನಾ ಕಸೂಬಾ ಮೂರು ದಿನದಿಂದ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ನುಂಗಲೂ ಆಗುತ್ತಿರಲಿಲ್ಲ, ಉಗಿಯಲೂ ಆಗುತ್ತಿರಲಿಲ್ಲ.

"ಮಾಯೋ, ಶನಿವಾರ ಲುಬುಟೊನ ಕರ್ಕೊಂಡು ಬರ್ತೀನಿ. ರಜೆ ಪೂರ್ತಿ ನಿಮ್ಮ ಹತ್ರಾನೇ ಇರ್ಲಿ. ಆದ್ರೆ ಮನೇಲಿ ಪೊರಕೆ ಮುಟ್ಟೋ ಹಾಗಿಲ್ಲ, ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಒಂದು ಒಳ್ಳೇ ವ್ಯಾಕ್ಯೂಮ್ ಕ್ಲೀನರ್ ಇರ್ಬೇಕು. ಇಲ್ದೇ ಇದ್ರೆ ನಾನು ವಾಪಸ್ ಹೋಗೋ ಸಾಯಂಕಾಲದ ಬಸ್ಸಿಗೇ ಮಗೂನೂ ಹತ್ತಿಸ್ಕೊಂಡು ಹೋಗ್ತೀನಿ. ಬೇಜಾರ್ ಮಾಡ್ಕೋಬೇಡಿ."

ಮಾಯೋ, ಅಂದರೆ ಅಮ್ಮಾ, ಎಂದು ಕರೆದು, ಬೇಜಾರ್ ಮಾಡ್ಕೋಬೇಡಿ ಎನ್ನುತ್ತಲೇ ಬೇಜಾರು ಮಾಡುವ ವಿದ್ಯೆಯನ್ನು ಎಂಡೋಲಾ ಪಟ್ಟಣದ ಶಾಲಾ ಮೇಡಂಗಳಿಗೆ ಯಾರು ಕಲಿಸುತ್ತಾರೋ ತಿಳಿಯದು. ಆದರೆ ಸೊಸೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಬನಾ ಕಸೂಬಾಳನ್ನು ಕೊರೆಯುತ್ತಿದ್ದುದೂ ಅದೇ. ಹೋದ ವರ್ಷದ ಆಗಸ್ಟ್ ರಜೆಗೆ ಬಂದ ಲುಬುಟೊ ಎರಡನೆಯ ದಿನಕ್ಕೇ ಎದೆ ಗೊರಗೊರ ಅನ್ನಿಸಿಕೊಂಡು ಹೊರಟುಹೋಗಿದ್ದಳು. ಆಗಸ್ಟ್ ತಿಂಗಳ ಗಾಳಿ ಲುಸಾಕಾದ ಕೆಂಪು ಮಣ್ಣನ್ನೆಲ್ಲ ಎತ್ತಿ ಚಿಲೆಂಜೆ ಬಡಾವಣೆಯ ಕಿಟಕಿಗಳಿಗೆ ಎರಚುತ್ತಿತ್ತು. ಒಳಗೆ ಬಂದ ಧೂಳು ಬನಾ ಕಸೂಬಾಳ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿನಲ್ಲಿ ಕಾಲು ಚಾಚಿ ಮಲಗಿಬಿಡುತ್ತಿತ್ತು. ಪೊರಕೆ ಹಿಡಿದರೆ ಎದ್ದು ಕುಣಿಯುತ್ತಿತ್ತು. ಗಂಡ ಲಾರಿ ತೆಗೆದುಕೊಂಡು ತಾಂಜಾನಿಯಾ ಗಡಿಗೆ ಹೋದರೆ ಮೂರು ವಾರ ಪತ್ತೆಯಿಲ್ಲ. ಅವನಿಗೆ ಧೂಳಿನ ಚಿಂತೆ ಏಕೆ? ಏಳು ವರ್ಷದ ಒಬ್ಬಳೇ ಮೊಮ್ಮಗಳು ಒಂದು ತಿಂಗಳು ತನ್ನ ಮಗ್ಗುಲಲ್ಲಿ ಮಲಗಬೇಕು, ತನ್ನ ಕೈಯಿಂದ ಕಡಲೆಕಾಯಿ ಹಾಕಿದ ಸೊಪ್ಪು ತಿನ್ನಬೇಕು ಎಂಬ ಆಸೆ ಅವಳದು. ಆ ಆಸೆಗೆ ಈಗ ಒಂದು ಯಂತ್ರ ಅಡ್ಡ ಬಂದಿತ್ತು.

ಯಂತ್ರವೆಂದರೆ ಜೆರೆ. ಕಾಮ್ವಾಲಾ ಪೇಟೆಯಲ್ಲಿ ಹೊರದೇಶದವರು ಬಳಸಿ ಬಿಟ್ಟ ವಿದ್ಯುತ್ ಸಾಮಾನುಗಳನ್ನು ತರಿಸಿ, ಬಿಚ್ಚಿ, ಸರಿಪಡಿಸಿ ಮಾರುವವನು. ಅವನಷ್ಟು ಕೈ ಪಳಗಿದವರು ಲುಸಾಕಾದಲ್ಲಿ ಇರಲಿಲ್ಲ. ತೊಂದರೆ ಒಂದೇ. ಅವನು ಚಿಪಾಟಾದ ಎಂಗೋನಿ, ಇವಳು ಕಸಾಮಾದ ಬೆಂಬಾ.

ಮುತ್ತಜ್ಜಂದಿರ ಕಾಲದಲ್ಲಿ ಈ ಎರಡು ಜನಾಂಗಗಳು ಈಟಿ ಹಿಡಿದು ಹೊಡೆದಾಡಿಕೊಂಡವು. ಈಟಿ ಕೆಳಗಿಟ್ಟ ಮೇಲೆ ನಾಲಗೆ ಎತ್ತಿಕೊಂಡವು. ಅಂದಿನಿಂದ ಇವರು ಹಾಸ್ಯದ ನಂಟರು. ಎಂಗೋನಿಯನ್ನು ಕಂಡರೆ ಬೆಂಬಾ 'ಇಲಿ ತಿನ್ನುವವನೇ' ಎನ್ನಬೇಕು, ಬೆಂಬಾಳನ್ನು ಕಂಡರೆ ಎಂಗೋನಿ 'ಕೋತಿ ತಿನ್ನುವವಳೇ' ಎನ್ನಬೇಕು. ಎಷ್ಟು ಬೈದರೂ ಸಿಟ್ಟಾಗುವ ಹಾಗಿಲ್ಲ, ಎಷ್ಟು ಸುಳ್ಳು ಹೇಳಿದರೂ ಪಾಪವಿಲ್ಲ. ಸಾವಿನ ಮನೆಗೂ ಬಂದು ಛೇಡಿಸಬಹುದು. ಈ ನಂಟಿನಲ್ಲಿ ಮಾಡಬಾರದ್ದು ಒಂದೇ, ಮರ್ಯಾದೆ ಕೊಡುವುದು.

ಹನ್ನೊಂದು ವರ್ಷದ ವ್ಯಾಪಾರದಲ್ಲಿ ಜೆರೆ ಅವಳಿಗೆ ಒಂದೇ ಒಂದು ನೆಟ್ಟಗಿನ ಮಾತು ಹೇಳಿದವನಲ್ಲ. ಹಾಗಾಗಿ ಬನಾ ಕಸೂಬಾ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದಳು. ಜೆರೆ ಹೊಗಳಿದ್ದನ್ನು ಬಿಡುವುದು, ಹೀಗಳೆದದ್ದನ್ನು ಹಿಡಿಯುವುದು. "ಇದ್ರಲ್ಲಿ ನೀರಿಟ್ರೆ ಚಹಾ ಆಗುತ್ತೆ" ಎಂದು ಅವನು ನಕ್ಕ ಫ್ರಿಜ್ಜು ಒಂಬತ್ತು ವರ್ಷದಿಂದ ಮಂಜುಗಟ್ಟಿಸುತ್ತಿತ್ತು. "ರಾಜರ ಬಟ್ಟೆ ತಿಕ್ಕಿದ್ದು" ಎಂದು ಅವನು ಕೊಂಡಾಡಿದ ಇಸ್ತ್ರಿಪೆಟ್ಟಿಗೆಯನ್ನು ಇವಳು ಬಿಟ್ಟಳು, ಪಕ್ಕದ ಮನೆಯ ಎಸ್ನಾತ್ ಕೊಂಡಳು, ಎರಡನೆಯ ವಾರ ಎಸ್ನಾತಳ ಚರ್ಚಿನ ಸಮವಸ್ತ್ರ ಸುಟ್ಟಿತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಗುರುವಾರ ಅವಳು ಅಂಗಡಿಯ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಜೆರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ.

"ಬಂದ್ಳು ನೋಡಿ ಕೋತಿ ತಿನ್ನೋಳು! ಬಾಳೆಹಣ್ಣು ಇಟ್ಕೊಂಡಿರೋರು ಒಳಗಿಟ್ಕೊಳ್ಳಿ."

"ಇಲಿ ಹಿಡಿಯೋನ ಅಂಗಡೀಲಿ ಬಾಳೆಹಣ್ಣು ಎಲ್ಲಿಂದ ಬರುತ್ತೆ, ಬೋನು ಇರುತ್ತೆ ಅಷ್ಟೆ. ವ್ಯಾಕ್ಯೂಮ್ ಇದ್ಯಾ?"

"ನಿಂಗ್ಯಾಕೆ ವ್ಯಾಕ್ಯೂಮು? ಮರದ ಮೇಲಿರೋರಿಗೆ ನೆಲ ಗುಡಿಸೋ ಕೆಲಸ ಯಾವಾಗ ಬಂತು?"

"ನಮ್ಮಜ್ಜ ಓಡಿಸಿದಾಗ ನಿಮ್ಮಜ್ಜ ಎಬ್ಬಿಸಿದ ಧೂಳು ಇನ್ನೂ ಕೂತಿಲ್ಲ. ಅದನ್ನ ಎಳೆಯೋಕೆ ಬೇಕು."

ಅಕ್ಕಪಕ್ಕದ ಅಂಗಡಿಯವರು ಕೈಕೆಲಸ ಬಿಟ್ಟು ಹತ್ತಿರ ಸರಿದರು. ಇವರಿಬ್ಬರು ಸೇರಿದರೆ ಕಾಮ್ವಾಲಾದಲ್ಲಿ ಅರ್ಧ ಗಂಟೆ ವ್ಯಾಪಾರ ನಿಲ್ಲುತ್ತಿತ್ತು.

ಜೆರೆ ಎರಡು ಯಂತ್ರ ಎಳೆದು ತಂದ. ಒಂದು ಕೆಂಪಗೆ, ಎತ್ತರಕ್ಕೆ, ಮದುವಣಗಿತ್ತಿಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದು ಬೂದು ಬಣ್ಣದ್ದು. ಗುಂಡು ಹೊಟ್ಟೆ, ಸಣ್ಣ ಚಕ್ರ, ಕೊಳವೆಗೆ ಎರಡು ಕಡೆ ಕಪ್ಪು ಟೇಪು ಸುತ್ತಿತ್ತು. ನೆಲಕ್ಕೆ ಕಡಲೆಕಾಯಿ ಸಿಪ್ಪೆ ಚೆಲ್ಲಿ ಎರಡನ್ನೂ ಓಡಿಸಿ ತೋರಿಸಿದ. ಕೆಂಪನೆಯದು ಮೆಲ್ಲಗೆ ಗುಂಯ್‌ಗುಟ್ಟುತ್ತ ಸಿಪ್ಪೆ ಎತ್ತಿಕೊಂಡಿತು. ಬೂದು ಬಣ್ಣದ್ದು ಗುಡುಗಿ ಸಿಪ್ಪೆಯ ಜೊತೆಗೆ ಒಂದು ಮೊಳೆಯನ್ನೂ ನುಂಗಿ, ಅವಳು ಸೊಂಟಕ್ಕೆ ಸುತ್ತಿದ್ದ ಚಿತೆಂಗೆ ಬಟ್ಟೆಯ ಅಂಚಿಗೂ ಬಾಯಿ ಹಾಕಿತು.

"ಕೆಂಪದ್ದು ತಗೋ," ಎಂದ ಜೆರೆ. "ಬೆಲೆ ಜಾಸ್ತಿ. ಆದ್ರೆ ಹತ್ತು ವರ್ಷ ಕಣ್ಣು ಮುಚ್ಚಿ ಬಳಸ್ಬಹುದು."

ಹೊಗಳಿದ. ಅಲ್ಲಿಗೆ ಕೆಂಪಿನ ಕಥೆ ಮುಗಿಯಿತು. ಬನಾ ಕಸೂಬಾ ಬೂದು ಯಂತ್ರದ ಬೆನ್ನು ತಟ್ಟಿದಳು. "ಇದು?"

ಜೆರೆಯ ಮುಖ ತಟ್ಟನೆ ಬದಲಾಯಿತು. "ಅದು ಬೇಡ."

"ಯಾಕಪ್ಪಾ ಬೇಡ?"

"ಒಳಗೆ ಫಿಲ್ಟರ್ ಹೋಗಿದೆ. ಬಾಯಲ್ಲಿ ನುಂಗಿದ್ದನ್ನ ಹಿಂದಿನಿಂದ ಬಿಡುತ್ತೆ. ಬಿಡಿಭಾಗಕ್ಕೆ ಅಂತ ಇಟ್ಕೊಂಡಿರೋದು ಅದನ್ನ."

"ಬಾಯಲ್ಲಿ ನುಂಗಿ ಹಿಂದಿನಿಂದ ಬಿಡದೇ ಇರೋರು ಚಿಪಾಟಾದಲ್ಲಿ ಯಾರಾದ್ರೂ ಇದ್ದಾರಾ?"

ಸುತ್ತಲಿನವರು ಹೋ ಎಂದರು. ಜೆರೆ ನಗಲಿಲ್ಲ. "ತಮಾಷೆ ಅಲ್ಲ, ಕೇಳಿಲ್ಲಿ. ದಪ್ಪ ಕಸ ಹಿಡಿಯುತ್ತೆ, ಸಣ್ಣ ಧೂಳನ್ನ ಗಾಳಿಗೆ ಊದುತ್ತೆ. ಮನೇಲಿ ಕೆಮ್ಮೋರು, ದಮ್ಮಿನೋರು ಯಾರಾದ್ರೂ ಇದ್ದಾರಾ?"

ಬನಾ ಕಸೂಬಾ ಬೂದು ಯಂತ್ರದ ಮೇಲಿಂದ ಒಮ್ಮೆ ಕೈ ತೆಗೆದಳು. ಆದರೆ ಲುಬುಟೊಳ ಎದೆಯ ವಿಚಾರವನ್ನು ಈ ನಾಲಗೆಯ ಕೈಗೆ ಕೊಡುವಷ್ಟು ಅವಳು ದಡ್ಡಿಯಲ್ಲ. ಕೊಟ್ಟರೆ ಇನ್ನು ಹತ್ತು ವರ್ಷ ಪೇಟೆಯೆಲ್ಲ ಅದನ್ನೇ ಆಡಿಕೊಳ್ಳುತ್ತಾನೆ ಎಂದುಕೊಂಡಳು.

"ಕೆಮ್ಮೋರೆಲ್ಲ ನಿಮ್ಮ ಕಡೆ ಇದ್ದಾರೆ. ಗಂಟಲಲ್ಲಿ ಇಲಿ ಕೂದಲು ಸಿಕ್ಕಿ."

"ನಮ್ಮಮ್ಮನಾಣೆ ಹೇಳ್ತಿದ್ದೀನಿ, ಬೇಡ ಅದು!"

"ಈ ಅಂಗಡಿ ಹಾಕಿದಾಗಿನಿಂದ ಆ ತಾಯಿ ಮೇಲೆ ಎಷ್ಟು ಆಣೆ ಇಟ್ಟಿದ್ದೀಯಾ ಜೆರೆ? ಅವರಿನ್ನೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದ್ದಾರಲ್ಲ, ಅದೇ ಆಶ್ಚರ್ಯ."

"ನಾನು ಮಾರಲ್ಲ."

"ನೋಡಿದ್ರಾ? ಮಾರಲ್ವಂತೆ!" ಅವಳು ಸುತ್ತಲಿನವರ ಕಡೆ ತಿರುಗಿದಳು. ಇಷ್ಟು ಸೊಗಸಾಗಿ ಜೆರೆ ಯಾವತ್ತೂ ಆಟ ಕಟ್ಟಿರಲಿಲ್ಲ. ಆಣೆಯೇನು, ಬಾಡಿದ ಮುಖವೇನು! ಒಳ್ಳೆಯ ಮಾಲನ್ನು ಮನೆಗೆ ಒಯ್ಯಬೇಕೆಂದು ಬಚ್ಚಿಟ್ಟುಕೊಂಡಿದ್ದಾನೆ, ಸಿಕ್ಕಿಬಿದ್ದಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ದುಡ್ಡನ್ನು ಮೇಜಿನ ಮೇಲಿಟ್ಟು, ಬೂದು ಯಂತ್ರದ ಕೊಳವೆಯನ್ನು ಹಾವಿನ ಹಾಗೆ ಕೊರಳಿಗೆ ಸುತ್ತಿಕೊಂಡು ಹೊರಟಳು. ಜೆರೆ ಮಿನಿಬಸ್ಸಿನವರೆಗೂ ಹಿಂದೆ ಬಂದ, ಕಿಟಕಿ ಬಡಿದ, ಏನೋ ಕೂಗಿದ. ಅವಳು ಒಳಗಿನಿಂದ ಮಹಾರಾಣಿಯ ಹಾಗೆ ಕೈ ಬೀಸಿದಳು.

ಶುಕ್ರವಾರ ಬೆಳಗ್ಗೆ ಮನೆಯಲ್ಲಿ ಗುಡುಗಾಯಿತು. ಬೂದು ಯಂತ್ರ ಕಾರ್ಪೆಟ್ಟಿನ ಮೇಲೆ ಹಸಿದು ಬಂದ ನೆಂಟನ ಹಾಗೆ ಓಡಾಡಿತು. ಎರಡು ಕೂದಲ ಪಿನ್ನು, ಅರ್ಧ ಬಾಚಣಿಗೆ, ಸೋಫಾದ ತೋಳಿಗೆ ಹೊದಿಸಿದ್ದ ಕ್ರೋಶಾ ಹೆಣಿಗೆಯ ಒಂದು ಮೂಲೆ, ಎಲ್ಲ ಅದರ ಹೊಟ್ಟೆ ಸೇರಿದವು. ಕಾರ್ಪೆಟ್ಟಿನ ನಿಜವಾದ ಬಣ್ಣ ಹಸಿರೆಂದು ಬನಾ ಕಸೂಬಾಳಿಗೆ ಮತ್ತೆ ನೆನಪಾಯಿತು. ಅವಳು ಹಾಡಿಕೊಳ್ಳುತ್ತ ಟೀವಿ ಒರೆಸಿದಳು. ಇನ್ನೊಂದು ಕೋಣೆ ಮುಗಿಸಿ ಬಂದು ನೋಡಿದರೆ ಟೀವಿಯ ಮೇಲೆ ಮತ್ತೆ ಧೂಳು. ಮತ್ತೆ ಒರೆಸಿದಳು. ಮತ್ತೆ ಧೂಳು.

ಮಧ್ಯಾಹ್ನ ಪರದೆಯ ಸಂದಿಯಿಂದ ಬಿಸಿಲಿನ ಒಂದು ಕೋಲು ಒಳಗೆ ಬಿತ್ತು. ಆ ಕೋಲಿನ ತುಂಬ ಸಣ್ಣ ಸಣ್ಣ ಧೂಳು ಮುತ್ತಿಕೊಂಡು ತೇಲುತ್ತಿತ್ತು. ಬನಾ ಕಸೂಬಾ ಒಂದು ಬಿಳಿ ಬಟ್ಟೆ ತಂದು ಯಂತ್ರದ ಹಿಂಬದಿಗೆ ಹಿಡಿದು ಗುಂಡಿ ಒತ್ತಿದಳು. ನೋಡುನೋಡುತ್ತಿದ್ದಂತೆ ಬಟ್ಟೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು.

ಅವಳು ಕಾರ್ಪೆಟ್ಟಿನ ಮೇಲೆಯೇ ಕುಸಿದು ಕೂತಳು. ಜೆರೆ ನಿಜ ಹೇಳಿದ್ದ!

ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷ ನಿಷ್ಠೆಯಿಂದ ಸುಳ್ಳು ಹೇಳಿಕೊಂಡು ಬಂದವನು, ಒಂದು ದಿನ ಹೇಳದೆ ಕೇಳದೆ ನಿಜ ಹೇಳಿಬಿಟ್ಟರೆ ಮನುಷ್ಯರು ಬದುಕುವುದು ಹೇಗೆ? ಗೋಡೆಯಾಚೆ ಎಸ್ನಾತ್ ಬಟ್ಟೆ ಒಣಹಾಕುತ್ತಿದ್ದಳು. ಬನಾ ಕಸೂಬಾ ಅವಳ ಮುಂದೆ ಎಲ್ಲವನ್ನೂ ತೋಡಿಕೊಂಡಳು. ಲುಬುಟೊಳ ಎದೆ, ಸೊಸೆಯ ಷರತ್ತು, ಮೋಸಗಾರ ಜೆರೆಯ ಸತ್ಯ, ಒಂದನ್ನೂ ಬಿಡಲಿಲ್ಲ. ಎಸ್ನಾತ್ ಬಾಯಿಗೆ ಚಿತೆಂಗೆಯ ಅಂಚು ತುರುಕಿಕೊಂಡು ನಕ್ಕಳು. ಅವಳು ತರಕಾರಿ ಮಾರುವುದು ಕಾಮ್ವಾಲಾದಲ್ಲೇ, ಅವಳ ಹೊಟ್ಟೆಯಲ್ಲಿ ಮಾತು ಒಂದು ರಾತ್ರಿಗಿಂತ ಹೆಚ್ಚು ತಂಗುವುದಿಲ್ಲ.

ಶನಿವಾರ ಹತ್ತು ಗಂಟೆಗೆ ಗೇಟು ಬಡಿದ ಸದ್ದಾಯಿತು. ಜೆರೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ, ಪಕ್ಕದಲ್ಲಿ ಕೆಂಪು ವ್ಯಾಕ್ಯೂಮ್.

"ನಮಸ್ಕಾರ ಅಮ್ಮಾ. ಹೇಗಿದ್ದೀರಿ? ಮನೇಲಿ ಎಲ್ರೂ ಚೆನ್ನಾಗಿದ್ದಾರಾ?"

ಬನಾ ಕಸೂಬಾ ಗೇಟಿನ ಸರಳು ಹಿಡಿದುಕೊಂಡಳು. ಅಮ್ಮಾ! ಹೇಗಿದ್ದೀರಿ! ಸಾವಿನ ಮನೆಯಲ್ಲೂ ಛೇಡಿಸುವವನು ಹೀಗೆ ಮಾತಾಡಬೇಕಾದರೆ! ಗಡಿಗೆ ಹೋದ ಗಂಡ ಕಣ್ಣ ಮುಂದೆ ಬಂದ, ಮಗ ಬಂದ, ಬಸ್ಸಿನಲ್ಲಿರುವ ಲುಬುಟೊ ಬಂದಳು.

"ಯಾರು ಹೋದ್ರು, ಜೆರೆ? ಬೇಗ ಹೇಳ್ಬಿಡು."

"ಅಯ್ಯೋ, ಯಾರೂ ಇಲ್ಲ. ಮಗು ವಿಷಯ ಎಸ್ನಾತ್ ಹೇಳಿದ್ರು. ಅವತ್ತೇ ನೀವು ಹೇಳಿದ್ರೆ ನಾನು ಅಂಗಡಿ ಬಾಗಿಲಿಗೆ ಅಡ್ಡ ಮಲಗಿಬಿಡ್ತಿದ್ದೆ. ದಯವಿಟ್ಟು ಅದನ್ನ ಕೊಟ್ಟು ಇದನ್ನ ಇಟ್ಕೊಳ್ಳಿ."

"ನನ್ನ ನೀವು ತಾವು ಅನ್ಬೇಡ. ಕೋತಿ ಅನ್ನು, ಪರವಾಗಿಲ್ಲ."

"ಮಗು ವಿಷಯದಲ್ಲಿ ನಾಲಗೆ ಆಡಿಸಬಾರದು ಅಮ್ಮಾ."

ಅವಳಿಗೆ ಇನ್ನೊಂದು ಅನುಮಾನ ಹುಟ್ಟಿತು. ಹೆಚ್ಚು ಬೆಲೆಯದನ್ನು ತಗಲಿಸಲು ಈ ಮರ್ಯಾದೆಯೂ ಒಂದು ವೇಷವಿರಬಹುದೆ? ಅವನು ಬೈದರೆ ತಿರುವಿ ಹಾಕಿ ಅರ್ಥ ಮಾಡಿಕೊಳ್ಳಬಹುದು. ಮರ್ಯಾದೆಯನ್ನು ಯಾವ ಕಡೆಯಿಂದ ತಿರುವಿ ಹಾಕುವುದು? ಜೆರೆಗೆ ಅದು ಅವಳ ಮುಖದಲ್ಲೇ ಕಂಡಿತು.

"ನನ್ನ ನಂಬಬೇಡಿ. ಬಿಸಿಲನ್ನ ನಂಬಿ," ಎಂದ.

ಅವನೇ ಪರದೆ ಎಳೆದು ಒಂದು ಸಂದಿ ಬಿಟ್ಟ. ಬಿಸಿಲಿನ ಕೋಲು ಒಳಗೆ ಬಂತು. ಎಲ್ಲ ಕಡೆ ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ಧೂಳು ಇಳಿಯಲೆಂದು ಕಾದು, ಆಮೇಲೆ ಕೆಂಪು ಯಂತ್ರ ಓಡಿಸಿದರು. ಹಿಂಬದಿಗೆ ಹಿಡಿದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಬಿಸಿಲಿನ ಕೋಲು ಖಾಲಿ ಖಾಲಿಯಾಗಿತ್ತು. ಇಬ್ಬರೂ ಎರಡು ಗಂಟೆ ದುಡಿದರು. ಜೆರೆ ಕುರ್ಚಿ ಹತ್ತಿ ಬೀರುವಿನ ತಲೆ ಒರೆಸಿದ, ಮಂಚದ ಕೆಳಗೆ ತೂರಿದ. ಅಷ್ಟು ಹೊತ್ತೂ "ಸ್ವಲ್ಪ ಸರೀತೀರಾ ಅಮ್ಮಾ", "ಆ ಬಕೆಟ್ ಕೊಡ್ತೀರಾ ಅಮ್ಮಾ" ಎನ್ನುತ್ತಿದ್ದ. ಒಂದೊಂದು 'ಅಮ್ಮಾ'ಗೂ ಬನಾ ಕಸೂಬಾ ಅನ್ನದಲ್ಲಿ ಕಲ್ಲು ಸಿಕ್ಕವಳ ಹಾಗೆ ಮುಖ ಹಿಂಡುತ್ತಿದ್ದಳು.

ಒಂದೂವರೆಗೆ ಪ್ರಿಸ್ಕಾ ಮಗಳನ್ನು ಕರೆದುಕೊಂಡು ಬಂದಳು. ಲುಬುಟೊ ಅಜ್ಜಿಯ ಸೊಂಟಕ್ಕೆ ಜೋತುಬಿದ್ದಳು. ಪ್ರಿಸ್ಕಾ ಮಾತ್ರ ಬೆರಳಿಗೆ ಬಿಳಿ ಕರವಸ್ತ್ರ ಸುತ್ತಿಕೊಂಡು ಟೀವಿ, ಕಿಟಕಿ, ಬಾಗಿಲ ಮೇಲ್ಪಟ್ಟಿ ಎಲ್ಲ ಸವರಿದಳು. ಕರವಸ್ತ್ರ ಬಂದ ಹಾಗೆಯೇ ಜೇಬಿಗೆ ಮರಳಿತು. ಆಮೇಲೆ ಅವಳು ಕೆಂಪು ಯಂತ್ರದ ಮುಂದೆ ನಿಂತಳು.

"ಇವತ್ತೇನೋ ಚೊಕ್ಕಟವಾಗಿದೆ. ಆದ್ರೆ ಹಳೇ ಮಾಲು. ಇನ್ನೊಂದು ವಾರಕ್ಕೆ ಕೆಟ್ರೆ? ಎಲ್ಲಿ, ಹಾಕಿ ನೋಡೋಣ."

ಬನಾ ಕಸೂಬಾ ಗುಂಡಿ ಒತ್ತಿದಳು. ಯಂತ್ರ ಉಸಿರೆತ್ತಲಿಲ್ಲ. ಎಲ್ಲರ ಕಣ್ಣೂ ಬಲ್ಬಿನ ಕಡೆ ಹೋಯಿತು. ಕರೆಂಟು ಹೋಗಿತ್ತು. ಸರದಿಯ ಪ್ರಕಾರ ಇನ್ನು ಬರುವುದು ಆರು ಗಂಟೆಗೆ. ಪ್ರಿಸ್ಕಾಳ ಬಸ್ಸು ನಾಲ್ಕಕ್ಕೆ.

ಜೆರೆ ಮುಂದೆ ಬಂದ. "ಹೊಸ ಫಿಲ್ಟರ್ ಹಾಕಿದ್ದೀನಿ ಮೇಡಂ. ಮೋಟಾರು ನಾನೇ ಬಿಚ್ಚಿ ನೋಡಿದ್ದೀನಿ. ಒಂದು ತಿಂಗಳಲ್ಲ, ಹತ್ತು ವರ್ಷ ಯೋಚನೆ ಇಲ್ಲ."

"ತಮ್ಮ ಹೆಸರು?"

"ಜೆರೆ."

ಪ್ರಿಸ್ಕಾಳ ತುಟಿಯಂಚು ಮೆಲ್ಲಗೆ ಮೇಲೇರಿತು. ಮೇಡಂ ಆದರೇನು, ಅವಳೂ ಕಸಾಮಾದ ಬೆಂಬಾ ಹುಡುಗಿಯೇ. "ಜೆರೆ! ಎಂಗೋನಿ! ಮಾಯೋ, ನೀವು ಹೋಗಿ ಹೋಗಿ ಇಲಿ ತಿನ್ನೋರ ಮಾತು ಕೇಳಿ ಸಾಮಾನು ತಗೊಂಡ್ರಾ? ಹತ್ತು ವರ್ಷ ಅಂದ ಅಂದ್ರೆ ಹತ್ತು ದಿನ ಅಂತ ಅರ್ಥ."

"ನಮ್ಮಮ್ಮನಾಣೆ ಮೇಡಂ..."

"ಆಣೆ ಬೇರೆ ಇಡ್ತಿದ್ದಾನೆ! ಹಾಗಾದ್ರೆ ಐದೇ ದಿನ." ಅವಳು ನಗುತ್ತಲೇ ಇದ್ದಳು, ಆದರೆ ಮಗಳ ಕಡೆ ತಿರುಗಿದಾಗ ನಗು ಇರಲಿಲ್ಲ. "ಲುಬುಟೊ, ಚೀಲ ಬಿಚ್ಚಬೇಡ ಪುಟ್ಟಾ. ಕ್ಷಮಿಸಿ ಮಾಯೋ, ಹೋದ ವರ್ಷ ಇವಳನ್ನ ಆಸ್ಪತ್ರೇಲಿ ನೋಡಿದೋಳು ನಾನು. ಇವರ ಮಾತಿನ ಮೇಲೆ ಬಿಟ್ಟುಹೋಗೋಕಾಗಲ್ಲ."

ಲುಬುಟೊಳ ಕೆಳತುಟಿ ನಡುಗತೊಡಗಿತು. ಜೆರೆ ಟೋಪಿಯನ್ನು ಕೈಯಲ್ಲಿ ಹಿಂಡಿದ. ಅವನ ಬಾಯಿಂದ ಇನ್ನು ಏನು ಹೊರಟರೂ ಕೆಡುಕೇ. ಕಿಟಕಿಯಾಚೆ, ಪೇಟೆಯಿಂದ ಆಗಲೇ ಮರಳಿದ್ದ ಎಸ್ನಾತಳ ತಲೆ ಗೋಡೆಯ ಮೇಲೆ ಎದ್ದಿತ್ತು.

ಹೇಳಬೇಕಾದ ಮಾತು ಯಾವುದೆಂದು ಬನಾ ಕಸೂಬಾಳಿಗೆ ಗೊತ್ತಿತ್ತು. ಅದನ್ನು ಅವಳ ಅಮ್ಮ ಹೇಳಿರಲಿಲ್ಲ, ಅಜ್ಜಿ ಹೇಳಿರಲಿಲ್ಲ, ಈಟಿಯ ಕಾಲದಿಂದ ಇಲ್ಲಿಯವರೆಗೆ ಅವಳ ಕಡೆಯ ಯಾವ ಹೆಂಗಸೂ ಹೇಳಿರಲಿಲ್ಲ. ಮೊಮ್ಮಗಳು ಚೀಲದ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಳ್ಳುತ್ತಿದ್ದಳು.

"ಪ್ರಿಸ್ಕಾ," ಎಂದಳು. "ಇವರು ಸುಳ್ಳು ಹೇಳೋರಲ್ಲ."

ಪ್ರಿಸ್ಕಾ ತಿರುಗಿದಳು. "ಯಾರು?"

"ಇವರು. ಜೆರೆಯವರು. ನಂಗೆ ಬೂದು ಬಣ್ಣದ್ದು ಬೇಡ ಅಂದ್ರು, ಆಣೆ ಇಟ್ಟು ಬೇಡ ಅಂದ್ರು. ನಾನೇ ಜಂಬ ಮಾಡಿ ಹೊತ್ಕೊಂಡು ಬಂದೆ. ಯಾರೂ ಕರೀದೇನೇ ಇದನ್ನ ಇಲ್ಲಿಗೆ ತಂದ್ರು. ಬೆಳಗಿಂದ ನಮ್ಮನೆ ಮಂಚದ ಕೆಳಗೆ ತೂರಿ ಒರೆಸಿದ್ದಾರೆ. ಇವರು ನಂಬಿಕಸ್ತರು. ಈ ಮಗು ತಲೆ ಮೇಲೆ ಕೈಯಿಟ್ಟು ಹೇಳ್ತೀನಿ."

ಅವಳು ನಿಜವಾಗಿಯೂ ಲುಬುಟೊಳ ತಲೆಯ ಮೇಲೆ ಕೈಯಿಟ್ಟಿದ್ದಳು. ಗೋಡೆಯಾಚೆ ಎಸ್ನಾತಳ ಬುಟ್ಟಿ ಕೆಳಗೆ ಬಿದ್ದ ಸದ್ದಾಯಿತು. ಪ್ರಿಸ್ಕಾ ಅತ್ತೆಯ ಮುಖ ನೋಡಿದಳು. ಒಬ್ಬ ಎಂಗೋನಿಯ ಬಗ್ಗೆ ಇಷ್ಟು ದೊಡ್ಡ ಮಾತನ್ನು ತಮ್ಮ ಕಡೆಯ ಹೆಂಗಸು ಸುಮ್ಮನೆ ಆಡುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಬಗ್ಗಿ ಮಗಳ ಭುಜದಿಂದ ಚೀಲ ಇಳಿಸಿದಳು.

ಲುಬುಟೊ ಕಿರುಚಿಕೊಂಡು ಕಾರ್ಪೆಟ್ಟಿನ ಮೇಲೆ ಬಿದ್ದು ಈ ಗೋಡೆಯಿಂದ ಆ ಗೋಡೆಗೆ ಉರುಳಿದಳು. ಎದ್ದು ಕೂತಳು, ಒಂದು ಸೀನೂ ಬರಲಿಲ್ಲ.

ಬೂದು ಯಂತ್ರವನ್ನು ವಾಪಸು ಒಯ್ಯಲು ಜೆರೆ ಗೇಟಿನವರೆಗೆ ಎಳೆದುಕೊಂಡು ಹೋದ. ಬನಾ ಕಸೂಬಾ ಹಿಂದೆಯೇ ಹೋದಳು. ಅವನ ಕಣ್ಣು ತೇವವಾಗಿತ್ತು, ಅದನ್ನು ನೋಡಿ ಅವಳದೂ ಆಯಿತು. ಇಬ್ಬರಿಗೂ ಅದರಿಂದ ಬಹಳ ನಾಚಿಕೆಯಾಯಿತು.

ಜೆರೆ ಟೋಪಿಯನ್ನು ತಲೆಗೇರಿಸಿದ. "ಏ ಕೋತಿ ತಿನ್ನೋಳೇ," ಎಂದ. ಬನಾ ಕಸೂಬಾ ನಿಟ್ಟುಸಿರು ಬಿಟ್ಟಳು, ಬೆಳಗಿನಿಂದ ಹಿಡಿದಿಟ್ಟ ಉಸಿರೆಲ್ಲ ಹೊರಗೆ ಬಂತು. "ನೀನು ಇವತ್ತು ನಾಲ್ಕು ಜನರ ಮುಂದೆ ಆಡಿದ ಮಾತನ್ನ ನಾನು ಊರಿಗೆ ಹೋಗಿ ಹೇಳ್ತೀನಿ, ನೋಡ್ತಿರು. ನಮ್ಮಮ್ಮನಿಗೆ ಹೇಳ್ತೀನಿ. ನಮ್ಮ ದೊರೆ ಮುಂದೆ ನಿಂತು ಹೇಳ್ತೀನಿ."

"ಹೇಳ್ಕೋ ಹೋಗೋ, ಇಲಿ ತಿನ್ನೋನೇ," ಎಂದಳು ಬನಾ ಕಸೂಬಾ, ಗೇಟಿನ ಚಿಲಕ ಹಾಕುತ್ತ. "ಬೆಂಬಾ ಹೆಂಗಸೊಬ್ಳು ನನ್ನನ್ನ ನಂಬಿಕಸ್ತ ಅಂದ್ಳು ಅಂತ ಚಿಪಾಟಾ ತುಂಬ ಸಾರ್ಕೊಂಡು ಬಾ. ಯಾರಾದ್ರೂ ಒಬ್ರು ನಂಬಿದ್ರೆ ನಂಗೂ ಹೇಳಿ ಕಳ್ಸು."